ಕಸಿಚಾಕುವಿಗೆ ಚುಚ್ಚಿದ ನಿಂಬೆಹಣ್ಣು

ಅವರು ನನ್ನ ಜೊತೆ ಮೊದಲು ಮಾತಾಡಿದ್ದೇ ನನ್ನ ಚಾಕುವನ್ನು ಬೈಯುವುದಕ್ಕೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೊರಬದ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದ ನಾನು ಅವರ ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಟ್ರಂಕು ಇಳಿಸಿ ಜಗಲಿಯ ಮೇಲೆ ಕೂತು ಪೇರಲೆಹಣ್ಣು ಹೆಚ್ಚುತ್ತಿದ್ದೆ. ಕೆಲಸ ಸಿಕ್ಕ ಖುಷಿಗೆ ಶಿವಮೊಗ್ಗದಲ್ಲಿ ಕೊಂಡ ಮಡಚುವ ಚಾಕು ಅದು. ಅಲಗು ಸ್ಟೇನ್‌ಲೆಸ್ ಸ್ಟೀಲಿನದು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಹಿಡಿಗೆ ಮುತ್ತಿನ ಚಿಪ್ಪಿನಂತೆ ಮಿಂಚುವ ಪ್ಲಾಸ್ಟಿಕ್ಕು. ಅವರು ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಹೆಸರನ್ನೂ ಕೇಳದೆ, ನನ್ನ ಕೈಯನ್ನೇ ನೋಡುತ್ತಾ ನಿಂತರು.

"ಕೊಡಿ ಇಲ್ಲಿ ಅದನ್ನ."

ನಾನು ಚಾಚಿದೆ.

"ಕೈಯಿಂದ ಕೈಗೆ ಬೇಡ. ಇನ್ನೂ ಪರಿಚಯವೇ ಆಗಿಲ್ಲ, ಆಗಲೇ ಜಗಳ ಯಾಕೆ? ಕೆಳಗಿಡಿ."

ಕೆಳಗಿಟ್ಟೆ. ಎತ್ತಿಕೊಂಡು, ಅಲಗಿನ ಬಾಯನ್ನು ಆಕಾಶದ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿದರು.

"ಬಾಯಿ ಕಾಣ್ತಾ ಇದೆ ಮೇಷ್ಟ್ರೇ."

"ಕಾಣೋದು ಒಳ್ಳೇದಲ್ವಾ?"

"ಹರಿತ ಅನ್ನೋದು ಕಾಣಬಾರದು. ಇಲ್ಲಿ ನೋಡಿ, ಉದ್ದಕ್ಕೂ ಬಿಳೀ ಗೆರೆ. ಬೆಳಕು ಬಂದು ಕೂರೋದಕ್ಕೆ ಅಲ್ಲಿ ಜಾಗ ಇದೆ ಅಂತ ಅರ್ಥ. ಬೆಳಕು ಕೂರೋವಷ್ಟು ಅಗಲ ಇದ್ದರೆ ಅದು ಬಾಯಲ್ಲ, ಜಗಲಿ. ಇದು ಚಾಕು ಅಲ್ಲ, ಚಾಕುವಿನ ಫೋಟೋ."

ಒಳಗಿನಿಂದ ಹೆಂಗಸಿನ ದನಿ ಬಂತು: "ತಮ್ಮಾ, ಬಂದವರಿಗೆ ನೀರು ಬೇಕೇನು ಅಂತ ಮೊದಲು ಕೇಳೋದು ಕಲಿ. ಚಾಕು ಆಮ್ಯಾಲ ನೋಡೂವಂತಿ."

ಅದು ಅವರ ಅಕ್ಕ.

ನನ್ನ ಚಾಕುವನ್ನು ಬೈದ ಆ ಗೆಳೆಯರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಕೇಳಿದ ಮೇಲೆ ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಹುಟ್ಟಿದ ಊರಿನಿಂದ ಶುರುಮಾಡಿದೆ, ಹರಿದೆ. ಗುಣಗಳಿಂದ ಶುರುಮಾಡಿದೆ, ಅದು ಸನ್ಮಾನಪತ್ರದಂತೆ ಕೇಳಿಸಿತು. ಮೇಲಿನ ಜಗಲಿಯ ಪ್ರಸಂಗ ಮಾತ್ರ ನಿಂತಿದೆ, ಅದರ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. "ಚಾಕುವಿನ ಫೋಟೋ" ಎನ್ನುವ ಮಾತು ಅವರು ಆ ದಿನವೇ ಆಡಿದ್ದೋ, ಮುಂದೆ ಎಂದೋ ಆಡಿದ್ದನ್ನು ನಾನು ಇಲ್ಲಿಗೆ ತಂದು ಕೂರಿಸಿದೆನೋ ಹೇಳಲಾರೆ. ನೆನಪು ತುಂಬಾ ಹೊಳೆಯುತ್ತಿದ್ದರೆ ನಾನು ಅದನ್ನು ಅವರ ಹಾಗೆಯೇ ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳೀ ಗೆರೆ ಕಂಡರೆ ಮೊಂಡು.

ಗೊತ್ತಿರಬೇಕಾದಷ್ಟನ್ನು ಹೇಳಿಬಿಡುತ್ತೇನೆ. ಅವರು ಶಿಕಾರಿಪುರದ ಕಡೆಯವರು, ವ್ಯಾಪಾರದ ಮನೆತನ. ಅಂಗಡಿಯಲ್ಲಿ ಕೂರಲು ಒಲ್ಲದೆ ತೋಟಗಾರಿಕೆ ಕಲಿತು, ಸೊರಬದ ಹೊರಗಿದ್ದ ಸರ್ಕಾರಿ ಸಸಿತೋಟ ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದರು. ಮದುವೆ ಆಗಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅಕ್ಕ ಮನೆ ನಡೆಸುತ್ತಿದ್ದರು. ತಮ್ಮನ ಮಾತು ಓದಿದವರ ಮಾತು, ಸಿಟ್ಟು ಬಂದಾಗ ಮಾತ್ರ ಶಿಕಾರಿಪುರಕ್ಕೆ ತಿರುಗುತ್ತಿತ್ತು. ಅಕ್ಕ ಎಲ್ಲರ ಜೊತೆಯೂ, ಯಾವಾಗಲೂ ಶಿಕಾರಿಪುರವೇ.

ಅವರ ಕೆಲಸ ಕಸಿ ಕಟ್ಟುವುದು. ಅವರ ಹುಚ್ಚು ಚಾಕು.

ಸಂತೆಯಲ್ಲಿ ಅವರ ಜೊತೆ ಸುತ್ತುವುದೆಂದರೆ ಮುಜುಗರ. ಚಾಕು ಕತ್ತಿ ಹರಡಿಕೊಂಡವರ ಮುಂದೆ ಕುಕ್ಕುರುಗಾಲಲ್ಲಿ ಕೂತರೆ ಏಳುತ್ತಿರಲಿಲ್ಲ. ಎಲ್ಲರೂ ಬಾಯಿ ಮುಟ್ಟಿ ನೋಡಿದರೆ ಇವರು ಬೆನ್ನು ಸವರುತ್ತಿದ್ದರು. "ಬಾಯನ್ನ ಯಾರು ಬೇಕಾದರೂ ಮಸೆದು ಚೆಂದ ಮಾಡಬಹುದು. ಬೆನ್ನು ಸುಳ್ಳು ಹೇಳಲ್ಲ" ಅನ್ನುವರು. ಬೆನ್ನು ಹಿಡಿಯ ಹತ್ತಿರ ದಪ್ಪವಿದ್ದು ಮೊನೆಯ ಕಡೆಗೆ ಸಣ್ಣಗಾಗುತ್ತಾ ಹೋಗಬೇಕು. ಆಮೇಲೆ ಉಗುರಿನಿಂದ ಅಲಗನ್ನು ಮೀಟಿ ಕಿವಿಯ ಹತ್ತಿರ ಹಿಡಿಯುವರು. ಹದ ಸರಿಯಾಗಿ ಬಿದ್ದ ಉಕ್ಕು ಒಂದು ಗಳಿಗೆ ಗುಂಯ್ ಎನ್ನಬೇಕಂತೆ, ಮೆತ್ತಗಿನ ಕಬ್ಬಿಣ ಟಪ್ ಎಂದು ಸುಮ್ಮನಾಗುತ್ತದಂತೆ. ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಹಾಗೆಂದರೆ, "ನಿಮಗೆ ರಾಗವೂ ಗೊತ್ತಾಗಲ್ಲ ಬಿಡಿ" ಅನ್ನುವರು. ಸಾಣೆ ಹಿಡಿಯುವವನು ಬೀದಿಗೆ ಬಂದರಂತೂ ಮನೆಯಲ್ಲಿದ್ದ ಹಳೆಯ ಕಬ್ಬಿಣದ ಚೂರುಗಳನ್ನೆಲ್ಲ ಹೊರಗೆ ತಂದು ಕಿಡಿ ಹಾರಿಸುವರು. ಸಾದಾ ಕಬ್ಬಿಣದ ಕಿಡಿ ನೆಟ್ಟಗೆ ಹೋಗಿ ಆರುತ್ತದೆ. ಒಳ್ಳೆಯ ಉಕ್ಕಿನ ಕಿಡಿ ತುದಿಯಲ್ಲಿ ಒಡೆದು ಹೂವಾಗುತ್ತದೆ. ಒಂದು ಸವೆದ ಅರದ ತುಂಡು ಮತಾಪಿನಂತೆ ಹೂ ಬಿಟ್ಟ ದಿನ ಅವರು ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದದ್ದನ್ನು ನೋಡಿದ್ದೇನೆ. ಇದು ಕಣ್ಣಾರೆ ಕಂಡದ್ದು, ಅನುಮಾನವಿಲ್ಲ.

ಹಿಡಿಯ ವಿಚಾರ ಇನ್ನೂ ದೊಡ್ಡದು. ಜಿಂಕೆಕೊಂಬಿನ ಹಿಡಿ ಕಂಡರೆ ಅವರಿಗಾಗದು. ಗೋಡೆಗೆ ತೂಗುಹಾಕಲು ಚೆಂದ, ಅಂಗೈಗೆ ಗಂಟುಗಂಟು. ಕೋಣದ ಕೊಂಬು ಸೊರಬದ ತಂಪಿನಲ್ಲಿ ಬಾಳಿಕೆ ಬರುತ್ತದೆ, ಶಿಕಾರಿಪುರದ ಬೇಸಿಗೆಗೆ ಸೀಳುಬಿಡುತ್ತದೆ. ಹಲಸು ಹಗುರ. ಬೀಟೆ ಒಳ್ಳೆಯದು, ಆದರೆ ಅಂಗಡಿಯವರು ಅದಕ್ಕೆ ಪಾಲಿಶ್ ಹಾಕಿ ಕೆಡಿಸುತ್ತಾರೆ, ಒದ್ದೆ ಕೈಗೆ ಜಾರುತ್ತದೆ. ತಮ್ಮ ಕಸಿಚಾಕುವಿನ ಬೀಟೆ ಹಿಡಿಯ ಪಾಲಿಶನ್ನು ಗಾಜಿನ ಚೂರಿನಿಂದ ಪೂರ್ತಿ ಹೆರೆದು, ಹರಳೆಣ್ಣೆ ಕುಡಿಸಿದ್ದರು. "ಹಿಡಿದ ಮೇಲೆ ಹಿಡಿದಿದ್ದೀನಿ ಅನ್ನೋದು ಮರೀಬೇಕು."

ಆ ಕಸಿಚಾಕು ವಿಲಾಯತಿ ಉಕ್ಕಿನದು. ಅಂಗೈಯಷ್ಟುದ್ದ, ಒಂದೇ ಮಗ್ಗುಲಿಗೆ ಇಳಿಜಾರು ಇದ್ದ ಅಲಗು. ತುಕ್ಕು ಹಿಡಿಯುವ ಜಾತಿ. ದಿನಾ ಗಿಡದ ಸೊನೆ ಮುಟ್ಟಿ ಮುಟ್ಟಿ ಅದಕ್ಕೆ ಮಳೆಮೋಡದ ಬಣ್ಣ ಬಂದಿತ್ತು. ಆ ಬಣ್ಣವೇ ಅದರ ಅಂಗಿ, ಒಳಗಿನ ಉಕ್ಕನ್ನು ಕಾಯುವುದು ಅದೇ ಎಂದು ಅವರು ಹೇಳುತ್ತಿದ್ದರು. ಪ್ರತಿ ಕೊಯ್ತಕ್ಕೂ ಒರೆಸಿ, ಸಂಜೆ ಎಣ್ಣೆಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು ಗೋಡೆಯ ಗೂಡಿಗೆ ಸೇರಿಸುವರು. ಅದರಲ್ಲಿ ಬೇರೆ ಯಾರೂ ಹಗ್ಗ ಕೊಯ್ಯುವಂತಿಲ್ಲ, ಪೆನ್ಸಿಲ್ ಹೆರೆಯುವಂತಿಲ್ಲ.

ಇಷ್ಟೆಲ್ಲ ನಡೆಯುವಾಗ ಅಕ್ಕ ಅಡುಗೆಮನೆಯಲ್ಲಿ ಬಿರುಕುಬಿಟ್ಟ ಮಣೆಯ ಹಳೇ ಈಳಿಗೆಯ ಮೇಲೆ ಕಾಲಿಟ್ಟು ಕೂತು, ಬದನೆಕಾಯಿ, ಕುಂಬಳಕಾಯಿ, ತೆಂಗಿನಕಾಯಿಯ ತುಂಡು, ಏನು ಕೊಟ್ಟರೂ ಸರಸರ ಹೆಚ್ಚಿ ಎಸೆಯುತ್ತಿದ್ದರು.

"ಇದು ಯಾವ ಉಕ್ಕು ಕೇಳ್ರಿ ನಿಮ್ಮ ಗೆಣೆಯಗ" ಅನ್ನುವರು ನನ್ನನ್ನು ಕಂಡರೆ. "ಎತ್ತಿನ ಗಾಡಿ ಪಟ್ಟಿದೋ ಏನೋ. ಇದರ ಬೆನ್ನು ಬಾಯಿ ನಾನೂ ನೋಡಿಲ್ಲ, ನನ್ನ ಬೆನ್ನು ಬಾಯಿ ಇದೂ ನೋಡಿಲ್ಲ. ಸಂಸಾರ ನಡದೈತಿ."

ಅಕ್ಕ ತಮ್ಮನ ನಡುವೆ ಮುಗಿಯದ ವಾದ ಒಂದಿತ್ತು. ಅವರು ಕಟ್ಟಿದ ಕಸಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹತ್ತುತ್ತಿತ್ತು. ಬಂದಳಿಕೆಯಿಂದ, ಉಡುತಡಿಯಿಂದ ರೈತರು ಬಂದು, "ನಿಮ್ಮ ಕೈಗುಣ ಛಲೋ ಐತ್ರಿ" ಎಂದರೆ ಇವರಿಗೆ ಉರಿದುಹೋಗುತ್ತಿತ್ತು. "ಕೈಗುಣ ಅಲ್ಲ ಮಾರಾಯ, ಅಲಗಿನ ಗುಣ. ಕೊಯ್ತ ಸಪಾಟಾಗಿದ್ದರೆ ಎರಡು ತೊಗಟೆ ಕೂಡ್ತವೆ. ಅಲೆ ಅಲೆ ಆದರೆ ನಡುವೆ ಗಾಳಿ ಸೇರುತ್ತೆ, ಒಣಗುತ್ತೆ. ಇದರಲ್ಲಿ ಕೈದೇನು ಬಂತು?" ಅಕ್ಕನದು ಒಂದೇ ಉತ್ತರ: "ಹಂಗಾದ್ರ ಚಾಕುನೇ ಕಳಿಸು. ನೀ ಮನ್ಯಾಗ ಕೂಡು."

ಅಕ್ಕನಿಗೆ ಹಾಗೆ ಅನ್ನಲು ಕಾರಣವಿತ್ತು. ಶಿಕಾರಿಪುರದ ತೌರುಮನೆಯ ಹಿತ್ತಲಲ್ಲಿ ಅವರ ತಾಯಿ ನೆಟ್ಟ ಒಂದು ಮಾವಿನ ಮರ. ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುತ್ತಿತ್ತು, ಒಳಗೆ ಜೀರಿಗೆಯ ಘಮ. ಅಂಥದು ಬೇರೆಲ್ಲೂ ಇರಲಿಲ್ಲ. ಓಟೆ ಹಾಕಿದರೆ ಸಸಿ ಬರುತ್ತದೆ, ಆದರೆ ಆ ಘಮ ಬರುವುದಿಲ್ಲ. ಎಷ್ಟೋ ಸಲ ಹಾಕಿ ನೋಡಿ ಆಗಿತ್ತು. ಅದೇ ಹಣ್ಣು ಬೇಕೆಂದರೆ ಕಸಿಯೇ ಆಗಬೇಕು. ಮರದ ಬುಡ ಗೆದ್ದಲು ತಿಂದು ಟೊಳ್ಳಾಗುತ್ತಿತ್ತು. ಅಕ್ಕ ಪ್ರತಿವರ್ಷ ಕೇಳುತ್ತಿದ್ದರು, ತಮ್ಮ ಪ್ರತಿವರ್ಷ ಮುಂದೂಡುತ್ತಿದ್ದರು. ಒಂದು ವರ್ಷ ಚಿಗುರು ಸರಿಯಿಲ್ಲ, ಇನ್ನೊಂದು ವರ್ಷ ಮಳೆ ಬೇಗ ಬಂತು. ಆ ಮರಕ್ಕೆ ಸುಮ್ಮನೆ ಹೋಗಿ ಕೈಹಾಕಲು ಅವರಿಗೆ ಮನಸ್ಸಿರಲಿಲ್ಲ. ಎಲ್ಲವೂ ಕೂಡಿಬಂದ ವರ್ಷಕ್ಕಾಗಿ ಕಾಯುತ್ತಿದ್ದರು. "ಊರವರಿಗೆಲ್ಲ ಕಟ್ಟಿಕೊಟ್ಟಿ, ಅವ್ವನ ಮರಕ್ಕ ನಿನಗ ಪುರುಸೊತ್ತಿಲ್ಲ" ಎಂದು ಅಕ್ಕ ಅಂದಾಗ ಅವರು ಎದ್ದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ನಾನು ಸೊರಬಕ್ಕೆ ಬಂದ ಮಾರನೆಯ ವರ್ಷದ ಆಯುಧಪೂಜೆ. ಶಾಲೆಗೆ ದಸರಾ ರಜೆ, ನಾನು ಊರಿಗೆ ಹೋಗಿರಲಿಲ್ಲ. ಪ್ರತಿವರ್ಷ ಅವರು ಪೂಜೆಗೆ ಗುದ್ದಲಿ, ಕತ್ತರಿ, ಸೈಕಲ್ಲು ಇಡುತ್ತಿದ್ದರು. ಕಸಿಚಾಕುವನ್ನು ಮಾತ್ರ ಡಬ್ಬಿಯಲ್ಲೇ ಬಿಡುತ್ತಿದ್ದರು. ಆ ವರ್ಷ ಬೆಳಿಗ್ಗೆ ಅವರು ಸಸಿತೋಟದ ಪೂಜೆಗೆ ಹೋದಾಗ ಅಕ್ಕನಿಗೆ ಏನೋ ಹೊಳೆದಿದೆ. ಮನೆಯ ಮುಖ್ಯ ಆಯುಧಕ್ಕೇ ಪೂಜೆ ಇಲ್ಲ, ಅದಕ್ಕೇ ಅವ್ವನ ಮರದ ಕೆಲಸ ಕೈಗೂಡುತ್ತಿಲ್ಲ ಅಂತ. ಗೂಡಿನಿಂದ ಡಬ್ಬಿ ಇಳಿಸಿ ಬಿಚ್ಚಿ ನೋಡಿದರೆ ಚಾಕು ಕಪ್ಪಗಿದೆ. ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾರೆ. ವಿಭೂತಿ ಬಳಿದು, ಕುಂಕುಮವಿಟ್ಟು, ಮಣೆಯ ಮೇಲೆ ಎಲ್ಲಕ್ಕಿಂತ ಮುಂದೆ ಮಲಗಿಸಿ, ಮೊನೆಗೆ ಒಂದು ರಸಭರಿತ ನಿಂಬೆಹಣ್ಣು ಚುಚ್ಚಿದ್ದಾರೆ.

ಮಧ್ಯಾಹ್ನ ಅವರು ಕೈಕಾಲು ತೊಳೆದು ದೇವರ ಕೋಣೆಯ ಹೊಸ್ತಿಲಿಗೆ ಬಂದು ನಿಂತದ್ದನ್ನು ನಾನು ಹಿಂದಿನಿಂದ ನೋಡಿದೆ. ಮುಖ ಕಾಣಲಿಲ್ಲ. ಕುತ್ತಿಗೆಯ ನರ ಕಂಡಿತು.

"ನೋಡು ತಮ್ಮಾ" ಅಂದರು ಅಕ್ಕ. "ಎಷ್ಟು ಕರ್ರಗಾಗಿತ್ತು! ತಿಕ್ಕಿ ತಿಕ್ಕಿ ಕೈ ಸೋತ್ವು. ಈಗ ಬೆಳ್ಳಿ ಆಗೇತಿ."

"ಹೂಂ" ಅಂದರು. ಮಂಗಳಾರತಿ ತೆಗೆದುಕೊಂಡರು. ಹೊರಗೆ ಬಂದು ನನ್ನ ಪಕ್ಕ ಕೂತರು.

"ಮೇಷ್ಟ್ರೇ, ನಿಂಬೆರಸ ಆ ಉಕ್ಕನ್ನ ತಿನ್ನುತ್ತೆ" ಎಂದರು ಮೆಲ್ಲಗೆ. "ಅಂಗಿ ಬೇರೆ ಬಿಚ್ಚಿಬಿಟ್ಟಿದ್ದಾಳೆ."

"ಹಾಗಾದರೆ ತೆಗೆದುಬಿಡಿ."

"ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆವರೆಗೆ ಎತ್ತಂಗಿಲ್ಲ."

"ನೀವು ಅದನ್ನೆಲ್ಲ ನಂಬ್ತೀರಾ?"

"ನಂಬೋ ಮಾತಲ್ಲ. ಎತ್ತಿದರೆ ಯಾಕೆ ಅಂತ ಕೇಳ್ತಾಳೆ. ಕೇಳಿದರೆ ಹೇಳಬೇಕು."

ಚಾಕುವಿಗೆ ಉಗುರು ತಾಗಿಸಿದರೂ ಮುಖ ಗಂಟಿಕ್ಕುತ್ತಿದ್ದ ಮನುಷ್ಯ ಸಂಜೆಯವರೆಗೆ ಜಗಲಿಗೂ ಒಳಕ್ಕೂ ಓಡಾಡುತ್ತಿದ್ದರು. ನೀರು ಕುಡಿಯುವ ನೆಪದಲ್ಲಿ ದೇವರ ಕೋಣೆ ದಾಟುವರು, ನಿಂಬೆಹಣ್ಣನ್ನು ನೋಡುವರು, ಬರುವರು. ಆ ನಿಂಬೆಹಣ್ಣು ದೀಪದ ಬೆಳಕಿಗೆ ಚಿನ್ನದ ಗುಂಡಿನಂತೆ ಹೊಳೆಯುತ್ತಿತ್ತು ಎಂದು ಬರೆಯಲು ಕೈ ಓಡುತ್ತಿದೆ. ಹೊಳೆದಿರಲಾರದು. ಕಾಯಿಗೆ ಹತ್ತಿರವಿದ್ದ ಹಸಿರು ನಿಂಬೆ ಇದ್ದೀತು. ಕತ್ತಲಾಗುತ್ತಲೇ ಚಿತ್ತಾ ಮಳೆ ಗಾಳಿಯ ಸಮೇತ ಅಪ್ಪಳಿಸಿತು.

ಬೆಳಿಗ್ಗೆ ಪೂಜೆ ಮುಗಿಸಿ ಅಕ್ಕನೇ ನಿಂಬೆಹಣ್ಣು ಕಿತ್ತು ಚಾಕುವನ್ನು ತಮ್ಮನ ಮುಂದೆ ಇಟ್ಟರು. ಮೊನೆಯಿಂದ ಅರ್ಧ ಅಲಗಿನವರೆಗೆ ಕಪ್ಪು ಕಲೆ ಇಳಿದಿತ್ತು. ಅವರು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ನೋಡಿದೆ. ಆ ಅರ್ಧದ ಬಾಯುದ್ದಕ್ಕೂ ಇರುವೆ ಕಚ್ಚಿದಂತೆ ಬಿಳೀ ಚುಕ್ಕೆಗಳು. ಹಿಡಿಯ ಕಡೆಯ ಅರ್ಧದಲ್ಲಿ ಮಾತ್ರ ಏನೂ ಕಾಣಲಿಲ್ಲ.

"ಹೆಂಗ ಹೊಳಿತೈತಿ ನೋಡು" ಅಂದರು ಅಕ್ಕ.

"ಹೊಳೀತಾ ಇದೆ ಅಕ್ಕ" ಅಂದರು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಬರುವ ಮೊದಲ ಬಸ್ಸಿನ ಕಂಡಕ್ಟರು ಗೇಟಿನಲ್ಲಿ ಕೂಗಿದ್ದು ಆಗಲೇ.

"ಅಕ್ಕಾರ, ನಿಮ್ಮ ಮಾವಿನ ಮರ ರಾತ್ರಿ ಬಿತ್ತಂತ್ರೀ. ಬಚ್ಚಲಗ್ವಾಡಿ ಮ್ಯಾಲ. ಮಂದಿಗೆ ಏನೂ ಆಗಿಲ್ಲ."

ಅಕ್ಕ ಕೇಳಿದ್ದು ಒಂದೇ ಪದ. "ಬೇರು?"

"ಒಂದು ಕಡೀದು ಇನ್ನ ಮಣ್ಣಾಗ ಐತಂತ್ರಿ. ಆಯುಧ ಎತ್ತಿದ ಮ್ಯಾಲ, ಮಧ್ಯಾಹ್ನ ಕಡಿಸ್ತಾರಂತ. ದಾರಿ ಕಟ್ಟೇತಿ ನೋಡ್ರಿ."

ಅಕ್ಕ ತಮ್ಮನ ಕಡೆ ತಿರುಗಿದರು. ಬೈಯಬಹುದಿತ್ತು. ವರ್ಷವರ್ಷವೂ ಮುಂದೂಡಿದ್ದನ್ನು ಎತ್ತಿ ಆಡಬಹುದಿತ್ತು. "ಪೂಜಿ ಮಾಡಿದ್ದು ಛಲೋ ಆತು" ಅಂದರು. "ಚಾಕು ತಯಾರೈತಿ. ನಡಿ."

ಅದೇ ಬಸ್ಸು ತಿರುಗಿ ಹೊರಟಾಗ ಮೂವರೂ ಹತ್ತಿದೆವು. ಅಕ್ಕ ಮುಂದಿನ ಸೀಟು, ನಾವಿಬ್ಬರು ಹಿಂದೆ. ಅವರು ಜೇಬಿನಿಂದ ಬೆರಳುದ್ದದ ಸಾಣೆಕಲ್ಲು ತೆಗೆದು, ತೊಡೆಯ ಮೇಲೆ ಟವೆಲ್ಲು ಹಾಸಿ, ಬಸ್ಸು ಕುಲುಕಿದಾಗ ನಿಲ್ಲಿಸುತ್ತಾ, ಕುಲುಕದಾಗ ಮಸೆಯುತ್ತಾ ಕೂತರು. ನನಗೆ ಮಾತ್ರ ಕೇಳುವಂತೆ ವಿವರಿಸಿದರು. ಮಾವಿಗೆ ಮಾಮೂಲಿ ಕಸಿ ಎಂದರೆ ಕುಂಡದ ಸಸಿಯನ್ನು ತಾಯಿಮರದ ಕೊಂಬೆಗೇ ಒತ್ತಿ ಕಟ್ಟಿ, ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಬಿಡಿಸುವುದು. ತಾಯಿಮರ ಬಿದ್ದಿದೆ. ಇನ್ನು ಕಡ್ಡಿ ಕೊಯ್ದು ತಂದು ಸಸಿಗೆ ಕೂಡಿಸಬೇಕು, ಅದೂ ಕಾಲ ಮೀರಿದ ಮೇಲೆ. ಹತ್ತಿದರೆ ಹತ್ತಿತು. ಕೊಯ್ತ ಒಂದೇ ಎಳೆತಕ್ಕೆ ಆಗಬೇಕು, ಕನ್ನಡಿಯಷ್ಟು ಸಪಾಟು. ಅದಕ್ಕೆ ಅಲಗು ಪೂರ್ತಿ ಬೇಕು.

"ಈಗ ಅರ್ಧ ಇದೆ" ಅಂದೆ.

"ಅರ್ಧ ಇದೆ" ಅಂದರು. "ಮೊನೆಯ ಕಡೇದು ಇವತ್ತಿಗೆ ಕಲ್ಲಿಗೆ ಬಗ್ಗಲ್ಲ. ಬುಡದ ಕಡೆ ಇರೋದರಲ್ಲೇ ಕೊಯ್ಯಬೇಕು."

ಕಂಡಕ್ಟರು ಟಿಕೆಟ್ಟು ಹರಿಯುತ್ತಾ ಬಂದವನು ನಿಂತುಬಿಟ್ಟ. "ಏನ್ರೀ ಸಾಹೇಬ್ರ, ಹಬ್ಬದ ದಿನ ಚಾಕು ಮಸ್ಕೊಂತ ಹೊಂಟೀರಿ? ದಾಯಾದ್ಯಾರ ಮ್ಯಾಲ ಏನರ ಸಿಟ್ಟೈತೇನು? ಹೇಳಿಬಿಡ್ರಿ, ಬಸ್ಸು ದೂರ ನಿಲ್ಲಿಸ್ತೀವಿ."

ಬಸ್ಸೆಲ್ಲ ನಕ್ಕಿತು. ಅಕ್ಕ ಹಿಂದಿರುಗಿ ನೋಡಿದರು. "ನಿನ್ನೆ ಅಷ್ಟು ತಿಕ್ಕೀನಿ, ಮತ್ಯಾಕ ತಿಕ್ತಿ?"

"ಧೂಳು ಅಕ್ಕ. ಬಸ್ಸಿನ ಧೂಳು."

ಶಿಕಾರಿಪುರದ ಹಿತ್ತಲಲ್ಲಿ ಮರ ಅಡ್ಡಬಿದ್ದಿತ್ತು. ಕುಂಕುಮ ಹಚ್ಚಿದ ಕೊಡಲಿಗಳನ್ನು ಗೋಡೆಗೆ ಒರಗಿಸಿ ಆಳುಗಳು ಎಲೆಅಡಿಕೆ ಹಾಕುತ್ತಿದ್ದರು. ಮನೆ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನ ಮಗ ಬಾಗಿಲಲ್ಲೇ ಎದುರಾದ. "ಬಾರಪಾ, ಇಷ್ಟು ವರ್ಷದ ಮ್ಯಾಲ ಬಂದಿ. ಇವತ್ತು ನಿನ್ನ ಚಾಕುದಲ್ಲ, ಕೊಡಲಿ ಕೆಲಸ."

"ಒಂದು ಗಳಿಗೆ ತಡಿಯೋ ಮಾರಾಯ. ಕಡ್ಡಿ ತಗೊಂಡು ಹೊಂಟುಬಿಡ್ತೀನಿ" ಎಂದ ಅವರ ಮಾತಿಗೆ ಶಿಕಾರಿಪುರ ಬಂದುಬಿಟ್ಟಿತ್ತು.

ನೆಟ್ಟಗೆ ನಿಂತಿದ್ದಾಗ ಏಣಿ ಹಾಕಿದರೂ ಸಿಗದಿದ್ದ ತುದಿಗೊಂಬೆಗಳು ಈಗ ಮೊಣಕಾಲಿನ ಎತ್ತರಕ್ಕಿದ್ದವು. ಅವರು ಬಗ್ಗಿ ಒಂದೊಂದನ್ನೇ ಆರಿಸಿದರು. ಹೊಸ ಚಿಗುರು ಬೇಡ, ಹಳೇ ಕಟ್ಟಿಗೆ ಬೇಡ, ತುದಿಯ ಮೊಗ್ಗು ಉಬ್ಬಿರಬೇಕು. ಎಲೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗೆ ಮಲಗಿಸುವುದು ನನ್ನ ಕೆಲಸ. ಅಕ್ಕ ಒಂದು ಎಲೆ ಹೊಸಕಿ ಮೂಸಿ ನೋಡುತ್ತಾ ನಿಂತಿದ್ದರು. ನಾವು ಹೊರಡುವಾಗ ಮೊದಲ ಕೊಡಲಿಯ ಏಟು ಬಿತ್ತು. ಚಿಕ್ಕಪ್ಪನ ಮಗ ಓಡಿಬಂದು ಅಕ್ಕನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಸಂಜೆಯವರೆಗೆ ಕಾಯದೆ ಕೊಟ್ಟದ್ದು ಅವನಿಗೂ ಸಂಕಟವಾಗಿತ್ತು ಎಂದೇ ಇರಬೇಕು.

ಮರುದಿನ ಬೆಳಕು ಹರಿದ ಕೂಡಲೇ ಸೊರಬದ ಹಿತ್ತಲಲ್ಲಿ ಸಸಿಯ ಕುಂಡಗಳನ್ನು ಸಾಲಾಗಿ ಇಟ್ಟುಕೊಂಡರು. ಮೊದಲು ದಾಸವಾಳದ ಕಡ್ಡಿಗಳ ಮೇಲೆ ಅಭ್ಯಾಸ. ಅವರ ಕೈಗೆ ಹಿಡಿಯ ಬುಡದಿಂದ ಮೊನೆಯವರೆಗೆ ಉದ್ದಕ್ಕೆ ಎಳೆದು ರೂಢಿ. ಈಗ ಬುಡದಲ್ಲೇ ಶುರುಮಾಡಿ, ಕಲೆ ಬರುವ ಮೊದಲೇ ಕೊಯ್ತ ಮುಗಿಸಬೇಕು. ಮೊದಲ ಕಡ್ಡಿಗಳಲ್ಲಿ ಕೈ ಮರೆತು ಮುಂದಕ್ಕೆ ಹೋಗುತ್ತಿತ್ತು, ಮೊನೆ ತಾಗಿದಲ್ಲಿ ತೊಗಟೆ ಪಿಸಿಯುತ್ತಿತ್ತು. ಬಿಸಾಡುವರು, ಇನ್ನೊಂದು ತೆಗೆದುಕೊಳ್ಳುವರು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟನ್ನು ಮಾತ್ರ ತಿರುಗಿಸುವ ಬೇರೆಯೇ ಒಂದು ಎಳೆತ ಕೊನೆಗೆ ಸಿಕ್ಕಿತು. ದಾಸವಾಳದ ಗಿಡ ಬೋಳಾಗಿತ್ತು.

ಅಕ್ಕ ಬಾಳೆನಾರು ಸೀಳಿಕೊಡುತ್ತಾ ಪಕ್ಕದಲ್ಲೇ ಇದ್ದರು.

"ಯಾಕೋ ಹಂಗ ಗಿಡ್ಡಗಿಡ್ಡ ಕೊಯ್ತಿ? ಯಾವಾಗಲೂ ಉದ್ದ ಎಳಿತಿದ್ದಿ."

"ಬಿದ್ದ ಮರದ ಕಡ್ಡಿ ಅಕ್ಕ. ಹಿಂಗೇ ಕೊಯ್ಯಬೇಕು."

ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಅಕ್ಕ ಇನ್ನೊಂದು ನಾರು ಸೀಳಿ ಕೊಟ್ಟರು. ಅವರು ಮಾವಿನ ಕಡ್ಡಿ ಕೊಯ್ದು, ಸಸಿಯ ಮಗ್ಗುಲಲ್ಲಿ ಅಷ್ಟೇ ಅಳತೆಯ ಗಾಯ ಮಾಡಿ, ಎರಡನ್ನೂ ಮುಖಕ್ಕೆ ಮುಖ ಕೊಟ್ಟು ಕೂರಿಸಿ, ನಾರು ಬಿಗಿದ ಮೇಲೆ ಮೇಣದ ಬಟ್ಟೆ ಸುತ್ತಿದರು. ತಂದ ಕಡ್ಡಿಗಳೆಲ್ಲ ಮುಗಿಯುವವರೆಗೆ ಕೈ ನಿಲ್ಲಲಿಲ್ಲ.

ಆಮೇಲಿನ ವಾರಗಳು ಕಾಯುವುದರಲ್ಲೇ ಹೋದವು. ಅವರು ಉಕ್ಕಿನ ಮಾತೇ ಎತ್ತಲಿಲ್ಲ. ಸಾಣೆಯವನು ಬಂದರೂ ಎದ್ದು ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಕುಂಡಗಳ ಹತ್ತಿರ ಒಬ್ಬರು, ಅವರು ಬಂದ ಮೇಲೆ ಇನ್ನೊಬ್ಬರು. ಒಂದು ಕಡ್ಡಿ ಕಪ್ಪಾಯಿತು. ಇನ್ನೊಂದು ಸುಕ್ಕಾಯಿತು. ಸತ್ತದ್ದನ್ನು ಅವರು ಸುಮ್ಮನೆ ಎತ್ತಿ ಹಿಂದಕ್ಕಿಡುತ್ತಿದ್ದರು. ಸಾಲು ಗಿಡ್ಡವಾಗುತ್ತಾ ಬಂತು. ಒಂದು ಸಂಜೆ ನನಗೆ ಹೇಳಿದರು: "ಪೂರ್ತಿ ಹೋದರೆ ಅವಳಿಗೆ ಹೇಳೋದಿಲ್ಲ ಮೇಷ್ಟ್ರೇ. ಕಾಲ ಮೀರಿತ್ತು ಅಂತೀನಿ. ನೀವೂ ಹಾಗೇ ಹೇಳಬೇಕು. ಅವ್ವನ ಮರ ಕೊಂದದ್ದು ತನ್ನ ಕೈಯ ನಿಂಬೆಹಣ್ಣು ಅಂತ ಅವಳಿಗೆ ಗೊತ್ತಾಗಬಾರದು. ಮುಂದೂಡಿದವನು ನಾನು. ಅದೇ ಸಾಕು."

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ. ಅವರು ಬಚ್ಚಲ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಅವರ ಕ್ಷೌರದ ಕತ್ತಿಯೂ ಕಸಿಚಾಕುವಿನ ಜಾತಿಯದೇ, ಒದ್ದೆ ಇರುವಾಗ ಕೆಳಗಿಟ್ಟದ್ದನ್ನು ನಾನು ಕಂಡವನಲ್ಲ. ಹಿತ್ತಲಿನಿಂದ ಅಕ್ಕನ ಕೂಗು:

"ತಮ್ಮಾ! ಬಾರೋ! ಕೆಂಪಗಾಗೇತಿ! ಬಾರೋ ಲಗೂನ!"

ಕತ್ತಿ ಎಲ್ಲಿಗೆ ಹೋಯಿತೆಂದು ಅವರಿಗೂ ಗೊತ್ತಾಗಲಿಲ್ಲ, ಆಮೇಲೆ ನೀರಿನ ತೊಟ್ಟಿಯ ತಳದಲ್ಲಿ ಸಿಕ್ಕಿತು. ಅರ್ಧ ಗಡ್ಡ, ಅರ್ಧ ಸೋಪಿನ ನೊರೆ, ಹಾಗೇ ಓಡಿದರು. ಒಂದು ಕುಂಡದಲ್ಲಿ ತುದಿಮೊಗ್ಗು ಒಡೆದು ತಾಮ್ರದ ಬಣ್ಣದ ಚಿಗುರು, ಅಕ್ಕಿಕಾಳಿನಷ್ಟು, ಹೊರಗೆ ಬಂದಿತ್ತು. ಪಕ್ಕದ್ದೂ ಉಬ್ಬಿತ್ತು. ಅವರು ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಅಕ್ಕ ಸೆರಗಿನಿಂದ ಅವರ ಮುಖದ ನೊರೆ ಒರೆಸುತ್ತಾ, "ಅಳಬ್ಯಾಡೋ ಹುಚ್ಚ, ಕಣ್ಣಾಗ ಸೋಪು ಹೋಗ್ತೈತಿ" ಅನ್ನುತ್ತಿದ್ದರು. ಅವರು ಅಳುತ್ತಿರಲಿಲ್ಲ ಎಂದು ನನ್ನ ನೆನಪು. ನಗುತ್ತಿದ್ದರು. ಅಥವಾ ಸೋಪು ಹೋಗಿತ್ತು.

ಕೊನೆಗೆ ಉಳಿದದ್ದು ಮೂರೋ ನಾಲ್ಕೋ. ಆ ವಾರ ಉಡುತಡಿಯ ರೈತನೊಬ್ಬ ಬಂದವನು ಕುಂಡಗಳನ್ನು ನೋಡಿ, "ಕಾಲ ಮೀರಿದ ಮ್ಯಾಲೂ ಹತ್ತೇತಿ ಅಂದ್ರ ಕೈಗುಣಾನ ಬಿಡ್ರಿ" ಅಂದ. ನಾನು ಗದರಿಕೆಗಾಗಿ ಕಾದೆ. ಅವರು ತಮ್ಮ ಬಲಗೈಯನ್ನು ಒಂದು ಸಲ ಮಗುಚಿ ನೋಡಿಕೊಂಡು, "ಕೂತ್ಕೋ, ಕಾಫಿ ಕುಡಿ" ಅಂದರು.

ಚಾಕುವಿನ ಮೊನೆಯ ಕಲೆ ಹೋಗಲಿಲ್ಲ. ತಿಂಗಳುಗಟ್ಟಲೆ ಮಸೆದ ಮೇಲೆ ಚುಕ್ಕೆಗಳು ಹೋದವು, ಜೊತೆಗೆ ಅಲಗೂ ಸ್ವಲ್ಪ ಸಣ್ಣಗಾಯಿತು. ಮಳೆಮೋಡದ ಬಣ್ಣ ನಿಧಾನಕ್ಕೆ ವಾಪಸ್ಸು ಬಂತು.

ಮುಂದಿನ ವರ್ಷದ ಆಯುಧಪೂಜೆಯ ಹಿಂದಿನ ದಿನ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತು ಕೆಮ್ಮಿದರು.

"ಮೇಷ್ಟ್ರೇ, ನಿಮ್ಮ ಹತ್ತಿರ ಒಂದು ಚಾಕು ಇತ್ತಲ್ಲ."

"ಚಾಕು ಅಲ್ಲ, ಚಾಕುವಿನ ಫೋಟೋ."

"ಅದೇ. ಸ್ವಲ್ಪ ಬೇಕಾಗಿತ್ತು. ಪೂಜೆಗೆ."

ಟ್ರಂಕಿನ ತಳದಿಂದ ತೆಗೆದು ಕೆಳಗಿಟ್ಟೆ. ಫಳಫಳ ಹೊಳೆಯುವ ಅದನ್ನು ಅವರು ಮರುದಿನ ಬೆಳಿಗ್ಗೆಯೇ ಮಣೆಯ ಮುಂಭಾಗದಲ್ಲಿ ಮಲಗಿಸಿದರು. ಅಕ್ಕ ಹೂವಿನ ಬುಟ್ಟಿ, ನಿಂಬೆಹಣ್ಣು ಹಿಡಿದು ಬಂದರು.

"ಇದ್ಯಾರದು?"

"ಮೇಷ್ಟ್ರದು. ಒಳ್ಳೇ ಚಾಕು. ಸ್ಟೇನ್‌ಲೆಸ್ಸು. ಇದಕ್ಕೆ ಏನು ತಾಗಿದರೂ ಏನೂ ಆಗಲ್ಲ."

ಅವರ ಬಾಯಲ್ಲಿ ಆ ಮಾತು! ನಾನು ಕಂಬ ನೋಡಿದೆ.

"ನಿಂದೆಲ್ಲೈತಿ?" ಅಂದರು ಅಕ್ಕ.

"ಅದು... ಹೋದ ವರ್ಷ ಆಗಿದೆಯಲ್ಲ."

"ಪೂಜಿ ವರ್ಷಕ್ಕೊಮ್ಮಿ ಇರತೈತಿ. ತಾ."

ಅವರು ಗೂಡಿನಿಂದ ಡಬ್ಬಿ ಇಳಿಸಿದರು. ಅಷ್ಟು ನಿಧಾನವಾಗಿ ಯಾರಾದರೂ ಎಣ್ಣೆಬಟ್ಟೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅಕ್ಕ ಆ ಕಪ್ಪುಚಾಕುವನ್ನು ಎತ್ತಿಕೊಂಡರು. ತಿಕ್ಕಲಿಲ್ಲ, ಒರೆಸಲೂ ಇಲ್ಲ. ಬೀಟೆಯ ಹಿಡಿಗೆ ಮಾತ್ರ ವಿಭೂತಿ ಬಳಿದು, ಕುಂಕುಮವಿಟ್ಟು, ಒಣಗಿದ ಬಾಳೆಎಲೆಯ ಚೂರಿನ ಮೇಲೆ ಮಲಗಿಸಿದರು. ಆಮೇಲೆ ನಿಂಬೆಹಣ್ಣು ತೆಗೆದು ನನ್ನ ಚಾಕುವಿನ ಮೊನೆಗೆ ಚುಚ್ಚಿದರು. ಮೊಂಡಾಗಿದ್ದರಿಂದ ಎರಡು ಸಲ ಒತ್ತಬೇಕಾಯಿತು.

"ಹಣ್ಣು ಇದಕ್ಕಿರಲಿ" ಅಂದರು, ತಮ್ಮನ ಕಡೆ ನೋಡದೆ. "ಇದಕ್ಕೇನೂ ಆಗಂಗಿಲ್ಲ ಅಂದೆಲ್ಲ. ನಿನ್ನದರ ಬುಡ ಒಂದ ಉಳಿಸಿ ಕೊಟ್ಟಿದ್ದೆ ಹೋದ ವರ್ಷ. ಆ ಬುಡದಾಗ ಅವ್ವನ ಮರ ಕಟ್ಟಿದಿ. ಈ ಸಲ ಅದನ್ನೂ ಕಳಿಯೂದು ಬ್ಯಾಡ."

ಅವರು ಹೊಸ್ತಿಲಿಗೆ ಒರಗಿದರು. ವರ್ಷವಿಡೀ ಎತ್ತಿ ಹಿಡಿದಿದ್ದ ಭುಜಗಳು ಇಳಿದವು.

"ಯಾವಾಗ ಗೊತ್ತಾತು ಅಕ್ಕ?"

"ಬಸ್ಸಿನ ಧೂಳು ಅಂದೆಲ್ಲೋ, ಆವಾಗ. ರಾತ್ರಿಯೆಲ್ಲ ಮಳಿ ಹೊಡದಿತ್ತು. ಧೂಳು ಎಲ್ಲಿತ್ತು?"

ಅವರು ನಕ್ಕ ರಭಸಕ್ಕೆ ಮಂಗಳಾರತಿಯ ದೀಪ ಆರಿಹೋಗಿ, ಅಕ್ಕನಿಂದ ಬೈಸಿಕೊಂಡು, ಮತ್ತೆ ಹಚ್ಚಬೇಕಾಯಿತು.

ಆ ಸ್ಟೇನ್‌ಲೆಸ್ ಚಾಕು ಇನ್ನೂ ನನ್ನ ಹತ್ತಿರವೇ ಇದೆ. ಇದನ್ನು ಬರೆಯುವ ಮುಂಚೆ ತೆಗೆದು ಕಿಟಕಿಗೆ ಹಿಡಿದು ನೋಡಿದೆ. ಒಂದು ರಾತ್ರಿಯೆಲ್ಲ ನಿಂಬೆಹಣ್ಣು ಹೊತ್ತ ಗುರುತು ಎಲ್ಲೂ ಇಲ್ಲ, ಆದ್ದರಿಂದ ಅದು ನನ್ನ ಪರ ಸಾಕ್ಷಿ ಹೇಳಲಾರದು. ಸಾಕ್ಷಿ ಬೇಕೆಂದರೆ ಬೇಸಿಗೆಯಲ್ಲಿ ಶಿಕಾರಿಪುರಕ್ಕೆ ಹೋಗಿ, ಆ ಕಸಿಗಳಲ್ಲೊಂದನ್ನು ಮತ್ತೆ ನೆಟ್ಟ ಅದೇ ಹಿತ್ತಲಲ್ಲಿ ಒಂದು ಹಣ್ಣು ಕೇಳಬೇಕು. ಸಿಪ್ಪೆ ಹಸಿರಿರುತ್ತದೆ. ಕಾಯಿ ಎಂದುಕೊಂಡು ವಾಪಸ್ಸು ಕೊಡಬೇಡಿ.